ಇಬ್ಬರು ಎತ್ತುವ ಹರಿಗೋಲು

ಹೋದ ಬೇಸಿಗೆಯಲ್ಲಿ ಕೊಟ್ಟೂರಿನ ನಮ್ಮ ಸೋದರಮಾವನ ಮಗ ಮೊಬೈಲಿನಲ್ಲಿ ಒಂದು ಹರಿಗೋಲಿನ ಚಿತ್ರ ತೋರಿಸಿ, ನಿನಗೆ ಇದನ್ನು ತರಿಸಿಕೊಡುತ್ತೇನೆ ಎಂದ. ಫೈಬರಿನದು. ನೀಲಿ ಬಣ್ಣ, ಕಣ್ಣು ಕುಕ್ಕುವ ಹೊಳಪು. ನೋಡಿದರೆ ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿಗೆ ಹತ್ತಿರದ ನೆಂಟ ಅನ್ನಿಸುತ್ತಿತ್ತು.

"ಅಕ್ಕಾ, ಇದು ಭಾಳ ಹಗೂರ ಐತಿ. ಒಬ್ರ ಹೊತ್ಕಂಡು ಹೋಗಬೌದು ನೋಡು."

"ಅದಕ್ಕ ಬ್ಯಾಡಪ," ಎಂದೆ.

ಅವನು ನನ್ನ ಮುಖವನ್ನೂ ಮೊಬೈಲನ್ನೂ ಒಂದೆರಡು ಸಲ ನೋಡಿ, ವಯಸ್ಸಾಯಿತು ಎಂಬ ತೀರ್ಮಾನಕ್ಕೆ ಬಂದು ಮೊಬೈಲನ್ನು ಜೇಬಿಗಿಟ್ಟ. ವಯಸ್ಸಾಗಿರುವುದು ನಿಜವೇ. ಹರಪನಹಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಪಾಠ ಹೇಳಿ, ನಿವೃತ್ತಿಯ ಹಾರ ಒಣಗುವ ಮೊದಲೇ ಗಂಟುಮೂಟೆ ಕಟ್ಟಿಕೊಂಡು ಹುಟ್ಟಿದ ಜಾಗಕ್ಕೆ ಬಂದು ಕೂತವಳು ನಾನು. ದಡದ ಮಂದಿ ಇವತ್ತಿಗೂ ಕೇಳುತ್ತಾರೆ, "ಅಲ್ಲೇನೈತ್ರಿ ಟೀಚರ್, ಅಲ್ಲಿ ಯಾರದಾರ?" ಅಂತ. ಏನೂ ಇಲ್ಲ, ಯಾರೂ ಇಲ್ಲ, ಅದಕ್ಕೇ ಹೋಗಿದ್ದೇನೆ ಎಂದು ನಾನು ಹೇಳುತ್ತೇನೆ. ಅವರು ನಗುತ್ತಾರೆ. ನಾನು ನಗುವುದಿಲ್ಲ, ಇಂಥ ಗಂಭೀರ ವಿಷಯದಲ್ಲಿ ನಗಬಾರದು.

ಹಡಗಲಿ ದಾಟಿ ಹೊಳೆಯ ಕಡೆ ಹೋಗುವ ಬಸ್ಸು ಎಲ್ಲಿ ಮುಂದೆ ದಾರಿಯಿಲ್ಲದೆ ತಿರುಗಿ ನಿಲ್ಲುತ್ತದೋ, ಅಲ್ಲಿ ನಿಂತು ನೋಡಿದರೆ ತುಂಗಭದ್ರೆಯ ನಡುವೆ ಒಂದು ಹುಣಸೆಮರ ಕಾಣುತ್ತದೆ. ಮರದ ಹಿಂದೆ ಒಂದು ಮಾಳಿಗೆಮನೆ, ಮನೆಯ ಸುತ್ತ ನಾಲ್ಕಾರು ಎಕರೆ ಕರಿಮಣ್ಣು, ಮಣ್ಣಿನ ಅಂಚಿಗೆ ಬಂಡೆ, ಬಂಡೆಯ ಅಂಚಿಗೆ ನೀರು. ಇಷ್ಟೇ ನಮ್ಮ ಗಡ್ಡಿ. ಪುಸ್ತಕದವರು ನಡುಗಡ್ಡೆ ಎಂದು ಬರೆಯುತ್ತಾರೆ. ಬರೆಯಲಿ. ನನ್ನ ಬಾಲ್ಯದಲ್ಲಿ ಈ ಸಾಮ್ರಾಜ್ಯದ ಪ್ರಜೆಗಳು ನಾಲ್ವರು: ಅಜ್ಜಿ, ಅಪ್ಪ, ಅವ್ವ ಮತ್ತು ನಾನು. ಎರಡು ಎತ್ತು, ಒಂದು ಆಕಳು ಮತದಾನದ ಹಕ್ಕಿಲ್ಲದವು; ಆದರೂ ಮನೆಯಲ್ಲಿ ಅವುಗಳ ಮಾತೇ ಹೆಚ್ಚು ನಡೆಯುತ್ತಿತ್ತು. ನೀರಿನ ಭಯಕ್ಕೆ ನಮ್ಮಲ್ಲಿ ನೆಲದೊಳಗೆ ಕಾಳು ತುಂಬುವ ಹಗೇವು ಇರಲಿಲ್ಲ. ಜೋಳ, ಶೇಂಗಾ, ಮೆಣಸಿನಕಾಯಿ ಎಲ್ಲಾ ಅಡಿಗೆಮನೆಯ ಮೇಲಿನ ಅಟ್ಟದಲ್ಲೇ ಇರುತ್ತಿದ್ದುದರಿಂದ, ಕೆಳಗೆ ಕೂತು ಉಣ್ಣುವವರ ತಲೆಯ ಮೇಲೆ ಇಡೀ ವರ್ಷದ ಊಟ ಕೂತಿರುತ್ತಿತ್ತು. ಅದಕ್ಕಿಂತ ಧೈರ್ಯ ಕೊಡುವ ಸೂರನ್ನು ನಾನು ಬೇರೆಲ್ಲೂ ನೋಡಿಲ್ಲ.

ದಡದ ಮನೆಗಳಿಗೂ ನಮ್ಮ ಮನೆಗೂ ಇದ್ದ ದೊಡ್ಡ ವ್ಯತ್ಯಾಸವೆಂದರೆ, ನಮ್ಮಲ್ಲಿಗೆ ಯಾರೂ ಹಠಾತ್ತನೆ ಬರುವಂತಿರಲಿಲ್ಲ. ದಡದಲ್ಲಿ ನಿಂತು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು "ಹೂ...ಹೋಯ್" ಎಂದು ಕೂಗಬೇಕು. ಒಂದು ಕೂಗಿಗೆ, ನಾನು ಬಂದಿದ್ದೇನೆ ಎಂದರ್ಥ. ಎರಡಾದರೆ ನೆಂಟರಿದ್ದಾರೆ. ಮೂರಾದರೆ ನೆಂಟರು ಹಸಿದಿದ್ದಾರೆ. ಹರಿಗೋಲು ಹೊರಟು, ತಿರುತಿರುಗಿ ಈ ಕಡೆ ಮುಟ್ಟುವಷ್ಟರಲ್ಲಿ ಅವ್ವ ತಲೆ ಎಣಿಸಿ, ಹಿಟ್ಟು ಕಲಸಿ, ಮೊದಲ ರೊಟ್ಟಿ ಬಡಿದಿರುತ್ತಿದ್ದಳು. ಬಂದವರನ್ನು ಉಣ್ಣುವ ಮೊದಲು ಏನು ಬಂದಿರಿ ಎಂದು ಕೇಳುವಂತಿಲ್ಲ. ಅದು ಅಜ್ಜಿಯ ಶಾಸನ. ನಾವು ಶಿವನ ಕಡೆಯವರು, ಕಾಯಿಪಲ್ಲೆಯವರು. ಮೀನು ತುಂಬಿದ ಹೊಳೆಯ ನಟ್ಟನಡುವೆ ಕೂತು ಒಂದು ಮೀನನ್ನೂ ತಿನ್ನದೆ ತಲೆಮಾರು ಕಳೆದ ಮನೆತನ. ಆ ಸುದ್ದಿ ಮೀನುಗಳಿಗೂ ಮುಟ್ಟಿತ್ತು. ಬಟ್ಟೆ ಒಗೆಯುವ ಬಂಡೆಯ ಬಳಿ ಅವು ನಮ್ಮ ಕಾಲಬೆರಳನ್ನು ಕಚ್ಚಿ ನೋಡುತ್ತಿದ್ದವು, ನಾವು ಅವುಗಳನ್ನಲ್ಲ.

ಗಡ್ಡಿಯ ಮೌನದ ಬಗ್ಗೆ ಒಂದು ಮಾತು ಹೇಳಬೇಕು. ಮೌನ ಎಂದರೆ ಸದ್ದೇ ಇಲ್ಲ ಎಂದಲ್ಲ. ಗಡ್ಡಿಯಲ್ಲಿ ಪ್ರತಿಯೊಂದು ಸದ್ದಿಗೂ ಒಡೆಯರಿದ್ದರು. ಇದು ಆಕಳ ಗಂಟೆ, ಇದು ಅವ್ವನ ರೊಟ್ಟಿ ಬಡಿತ, ಇದು ನೀರಕ್ಕಿ, ಇದು ದಡದ ಬಸ್ಸು ಗೇರು ಬದಲಿಸಿದ್ದು. ಯಾರದೋ ಗೊತ್ತಿಲ್ಲದ ಸದ್ದು ಕಿವಿಗೆ ಬಂದು ಬೀಳುತ್ತಿರಲಿಲ್ಲ. ಹತ್ತು ವರ್ಷದವರೆಗೆ ಹಾಗೆ ಬೆಳೆದವಳಿಗೆ ಲೋಕದಲ್ಲಿ ಅನಾಥ ಸದ್ದುಗಳೇ ಹೆಚ್ಚು ಎಂದು ತಿಳಿದದ್ದು ಬಹಳ ತಡವಾಗಿ.

ಅವ್ವ ಈ ಗಡ್ಡಿಗೆ ಬಂದದ್ದು ಒಂದು ಮಹಾ ತಪ್ಪಿನಿಂದ. ಅಂಥ ತಪ್ಪನ್ನು ಕೂಡ್ಲಿಗಿ ಸೀಮೆಯವರು ಮಾತ್ರ ಮಾಡಬಲ್ಲರು. ಅವಳ ತೌರು ಗುಡೇಕೋಟೆ ಕಡೆ. ಸುತ್ತ ಕಲ್ಲುಗುಡ್ಡ, ಕುರುಚಲು. ಆಕಾಶವನ್ನು ನೋಡಿ ಬಿತ್ತುವ, ಬಿತ್ತಿ ಮತ್ತೆ ಆಕಾಶವನ್ನೇ ನೋಡುವ ಜನ. ಸಂಬಂಧ ತಂದ ಹಿರಿಯರು ನಮ್ಮ ತಾತನ ಎದುರು, ಅಂದರೆ ಅವ್ವನ ಅಪ್ಪನ ಎದುರು ಹೇಳಿದ್ದು ಒಂದೇ ಮಾತು:

"ಹೊಲಕ್ಕ ನಾಕೂ ಕಡಿ ನೀರೈತ್ರಿ. ವರ್ಷ ಹನ್ನೆರಡು ತಿಂಗಳ."

ತಾತ ಎದ್ದು ನಿಂತು ಅವರ ಕೈಹಿಡಿದನಂತೆ. ನಾಲ್ಕೂ ಕಡೆ ನೀರಿರುವ ಮನೆಗೆ ಹೆಣ್ಣು ಕೊಡಲು ಹೋಗಿ ನೋಡುವುದೇನಿದೆ? ಅನುಮಾನ ಪಟ್ಟರೆ ಗಂಗೆ ಮುನಿದಾಳು. ಹಾಗೆ ಊರೆಲ್ಲ ಹೊಟ್ಟೆಕಿಚ್ಚು ಪಡುವಂತೆ ಮದುವೆಯಾಗಿ, ದಿಬ್ಬಣದ ಜೊತೆ ದಂಡೆಗೆ ಬಂದು ನಿಂತಾಗಲೇ ಅವ್ವನಿಗೆ ಆ ಮಾತು ಅಕ್ಷರಶಃ ಸತ್ಯ ಎಂದು ತಿಳಿದದ್ದು. ಈಜು ಬಾರದ ಅವಳು ಹರಿಗೋಲಿನ ತಳದಲ್ಲಿ ಕಣ್ಣು ಮುಚ್ಚಿ ಕೂತು ಗಡ್ಡಿಗೆ ಬಂದಳು. ನೀರಿನ ಆ ಭಯ ಕೊನೆಯವರೆಗೂ ಹೋಗಲಿಲ್ಲ. ಆದರೆ ಗಡ್ಡಿಯ ಮೇಲೆ ಅವಳಷ್ಟು ಗಟ್ಟಿಯಾಗಿ ಕಾಲೂರಿ ನಡೆದವರೂ ಇಲ್ಲ.

ಈಗ ಹರಿಗೋಲಿನ ವಿಚಾರ. ನಮ್ಮದು ಬಿದಿರು ಹೆಣೆದು ಎಮ್ಮೆಯ ಚರ್ಮ ಹೊದಿಸಿದ ದೊಡ್ಡ ಹರಿಗೋಲು. ಎಂಟು ಚೀಲ ಜೋಳವನ್ನೋ, ಧೈರ್ಯವಿದ್ದ ಒಂದು ಎತ್ತನ್ನೋ ಹೊರುವಂಥದ್ದು. ಚರ್ಮ ನೀರಿನಲ್ಲೇ ಬಿದ್ದಿದ್ದರೆ ಕೊಳೆಯುತ್ತದೆ. ಆದ್ದರಿಂದ ದಾಟಿ ಬಂದ ಪ್ರತಿಸಲವೂ ಅದನ್ನು ಮೇಲೆತ್ತಿ, ಹುಣಸೆಮರದ ಕೆಳಗಿನ ಕಲ್ಲುಗಳ ಮೇಲೆ ಬೋರಲು ಹಾಕಬೇಕು. ಹೋಗುವಾಗ ಮತ್ತೆ ನೀರಿಗೆ ಹೊತ್ತೊಯ್ಯಬೇಕು. ಉರುಳಿಸಿದರೆ ಬಂಡೆಗೆ ಚರ್ಮ ಹರಿಯುತ್ತದೆ. ಒಬ್ಬರು ಮುಂದೆ, ಒಬ್ಬರು ಹಿಂದೆ, ತಲೆಯ ಮೇಲೆ ಕವುಚಿಕೊಂಡು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಬೇಕು. ಅಪ್ಪನಿಂದಲೂ ಒಬ್ಬನಿಂದ ಆಗುತ್ತಿರಲಿಲ್ಲ. ನಾನು ಅಂಚು ಹಿಡಿದರೆ ಎತ್ತಿದಂತೆ ಆಗುತ್ತಿರಲಿಲ್ಲ, ಜೋತುಬಿದ್ದಂತೆ ಆಗುತ್ತಿತ್ತು.

ಇದರಿಂದ ನಮ್ಮ ಮನೆಯಲ್ಲಿ ಯಾರೂ ಬರೆಯದ ಒಂದು ಕಾನೂನು ಜಾರಿಗೆ ಬಂದಿತ್ತು. ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಹೋಗಬೇಕಾದರೆ, ಯಾರ ಮೇಲೆ ಸಿಟ್ಟೋ ಅವರ ಸಹಾಯ ಬೇಕು. ಮದುವೆಯಾದ ಮೊದಲ ವರ್ಷ, ಅಪ್ಪ ಹೊಲದಲ್ಲಿದ್ದ ಹೊತ್ತಿನಲ್ಲಿ ಅವ್ವ ಸೀರೆಗಳನ್ನು ಗಂಟು ಕಟ್ಟಿ ಹುಣಸೆಮರದ ಕೆಳಗೆ ಹೋಗಿ ಹರಿಗೋಲನ್ನು ಜಗ್ಗಾಡುತ್ತಿದ್ದಳಂತೆ. ಅಜ್ಜಿ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಸ್ವಲ್ಪ ಹೊತ್ತು ನೋಡಿದಳು.

"ಆ ಕಡಿ ಅಂಚು ನಾ ಹಿಡೀಲೇನು?"

"ಹಿಡೀರಿ."

"ಎಲ್ಲಿಗೆ ಹೊಂಟಿ?"

"ನಿಮ್ಮ ಕಾಟ ತಾಳಲಾರದ ತೌರಿಗೆ ಹೊಂಟೀನಿ."

"ಹಂಗಾರ ಉಂಡು ಹೋಗವ್ವ. ಖಾಲಿ ಹೊಟ್ಟಿಲೆ ಎತ್ತಿದ್ರ ಜೋಲಿ ಹೋಗ್ತೈತಿ."

ಅವ್ವ ಉಂಡಳು. ಉಂಡ ಮೇಲೆ ನಿದ್ದೆ ಬಂತು. ಎದ್ದಾಗ ಆಕಳ ಹಾಲು ಹಿಂಡುವ ಹೊತ್ತಾಗಿತ್ತು. ಈ ಕಥೆಯನ್ನು ಅತ್ತೆ ಸೊಸೆ ಇಬ್ಬರೂ ಬೇರೆಬೇರೆಯಾಗಿ ನನಗೆ ಹೇಳಿದ್ದಾರೆ. ಇಬ್ಬರೂ ತಾನೇ ಗೆದ್ದೆನೆಂದೇ ಹೇಳಿದ್ದಾರೆ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಮಳೆಗಾಲದ ಮೊದಲಲ್ಲಿ ಈ ಕಾನೂನಿಗೆ ದೊಡ್ಡ ಪರೀಕ್ಷೆ ಬಂತು. ದಡದೂರಿನ ಸಾಲಿ ನಾಲ್ಕಕ್ಕೇ ಮುಗಿಯುತ್ತಿತ್ತು. ಅದಕ್ಕೂ ನಾನು ಹೊಳೆ ತುಂಬಿದ ತಿಂಗಳುಗಳಲ್ಲಿ ಹೋಗುತ್ತಿರಲಿಲ್ಲ. ಮೇಷ್ಟ್ರು ಹಾಜರಿಯಲ್ಲಿ ನನ್ನ ಹೆಸರಿನ ಮುಂದೆ 'ಹೊಳೆ' ಎಂದೇ ಬರೆಯುತ್ತಿದ್ದರು. ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವ್ವನ ತಮ್ಮ, ನನ್ನ ಸೋದರಮಾವ, ಕಾಗದ ಬರೆದಿದ್ದ: ಹಾಲವ್ವನನ್ನು (ಅಂದರೆ ನನ್ನನ್ನು) ನಮ್ಮ ಮನೆಗೆ ಕಳಿಸಿರಿ, ಇಲ್ಲಿ ಐದನೇ ಕ್ಲಾಸಿಗೆ ಹಾಕುತ್ತೇನೆ, ಬರುವ ಸೋಮವಾರದವರೆಗೆ ಮಾತ್ರ ಹೆಸರು ಹಚ್ಚಿಕೊಳ್ಳುತ್ತಾರೆ. ಅಪ್ಪ ತೆಲಿಗಿಯ ನೆಂಟರ ಮದುವೆಗೆ ಹೊರಟು ನಿಂತಿದ್ದ. ಕಾಗದವನ್ನು ಗಟ್ಟಿಯಾಗಿ ಓದಿ, ಮಡಚಿ ದೇವರ ಮುಂದಿಟ್ಟು, "ನಾ ಬರೋದ್ರಾಗ ನೀವಿಬ್ರೂ ಮಾತಾಡಿ ಮುಗಸ್ರಿ" ಎಂದು ಹೇಳಿ ಹರಿಗೋಲು ಹತ್ತಿದ. ಅಪ್ಪನನ್ನು ಹೇಡಿ ಎನ್ನಲಾರೆ. ದೊಡ್ಡ ದೊಡ್ಡ ರಾಜತಂತ್ರಜ್ಞರೂ ಯುದ್ಧದ ಹೊತ್ತಿನಲ್ಲಿ ಮದುವೆ ಊಟಕ್ಕೆ ಹೋಗಿರಬಹುದು.

ಅಜ್ಜಿ ಹುಟ್ಟು ಹಾಕಿ ಅಪ್ಪನನ್ನು ದಡಕ್ಕೆ ಬಿಟ್ಟು ಬಂದಳು. ಅತ್ತೆ ಸೊಸೆ ಕೂಡಿ ಹರಿಗೋಲು ಹೊತ್ತು ತಂದು ಬೋರಲು ಹಾಕಿದರು. ಹಾಕಿ, ಕೈ ಕೊಡವಿ, ಜಗಳ ಶುರುಮಾಡಿದರು.

"ಹತ್ತು ವರ್ಷದ ಕೂಸಿನ್ನ ಸಂತಿಯಂಥ ಊರಾಗ ಬಿಟ್ಟು ಏನ್ ಮಾಡ್ತಿ? ಇಲ್ಲೇನ್ ಕಮ್ಮಿ ಆಗೈತಿ ಆಕಿಗೆ?" ಅಂದಳು ಅಜ್ಜಿ.

"ಇಲ್ಲೇನೂ ಕಮ್ಮಿ ಆಗಿಲ್ಲರಿ ಅತ್ತಿ. ಅದಾ ಚಿಂತಿ," ಅಂದಳು ಅವ್ವ.

ಜಗಳ ರೊಟ್ಟಿಯ ಹಂಚು ಕಾಯುವ ಮೊದಲೇ ಶಪಥದವರೆಗೆ ಹೋಯಿತು. ಅಜ್ಜಿ, ಹುಡುಗಿಯನ್ನು ಕಳಿಸುವುದಾದರೆ ಹರಿಗೋಲಿಗೆ ಕೈ ಹಚ್ಚುವುದಿಲ್ಲ ಎಂದಳು. ಅವ್ವನಲ್ಲೂ ಅಷ್ಟೇ ದೊಡ್ಡ ಆಯುಧವಿತ್ತು. ಮಳೆಗಾಲದ ಮೊದಲ ಕೆಂಪುನೀರು ಬಂದ ದಿನ ನಮ್ಮಲ್ಲಿ ಹೊಳೆಗೆ ಉಡಿ ತುಂಬುವುದು ಪದ್ಧತಿ. ತೌರಿಗೆ ಬಂದ ಮಗಳಿಗೆ ತುಂಬಿದ ಹಾಗೆಯೇ: ಹೊಸ ಕುಬಸದ ಕಣ, ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣಕೊಂಬು, ಎಲೆ ಅಡಿಕೆ, ಹಸಿರು ಬಳೆ. ಮಗಳನ್ನು ಬರಿ ಉಡಿಯಲ್ಲಿ ಕಳಿಸಿದರೆ ಅವಳು ಮನೆಯಿಂದ ಏನಾದರೂ ತಾನೇ ಎತ್ತಿಕೊಂಡು ಹೋಗುತ್ತಾಳೆ ಎಂದು ಅಜ್ಜಿಯ ಗಟ್ಟಿ ನಂಬಿಕೆ. ಆದರೆ ಅಜ್ಜಿ ಗಂಡನನ್ನು ಕಳೆದುಕೊಂಡವಳು. ಉಡಿ ತುಂಬಬೇಕಾದವಳು ಮುತ್ತೈದೆ, ಅಂದರೆ ಅವ್ವ. ನೀವು ಹರಿಗೋಲು ಹಿಡಿಯದಿದ್ದರೆ ನಾನು ಉಡಿ ಮುಟ್ಟುವುದಿಲ್ಲ ಎಂದಳು ಅವ್ವ. ಅಲ್ಲಿಗೆ ಇಬ್ಬರ ಮಾತೂ ನಿಂತಿತು.

ನಿಂತಿತು ಎಂದರೆ ನನ್ನ ಮೂಲಕ ಹರಿಯತೊಡಗಿತು. ಒಂದೇ ಪಡಸಾಲೆಯಲ್ಲಿ ನಾಲ್ಕು ಮೊಳ ದೂರ ಕೂತು, ಒಬ್ಬರನ್ನೊಬ್ಬರು ನೋಡದೆ, "ಹಾಲವ್ವ, ನಿಮ್ಮಜ್ಜಿಗೆ ಹೇಳು, ಊಟಕ್ಕ ನೀಡೀನಂತ," "ಹಾಲವ್ವ, ನಿಮ್ಮವ್ವಗ ಹೇಳು, ಎರಡ ರೊಟ್ಟಿ ಸಾಕಂತ." ಪ್ರತಿ ಮಾತನ್ನೂ ನಾನು ಗಂಭೀರವಾಗಿ ಇನ್ನೊಮ್ಮೆ ಹೇಳಬೇಕು, ಹೇಳುವವರೆಗೆ ಅದು ಕೇಳಿಸಿದ ಲೆಕ್ಕವಲ್ಲ. ಎರಡು ದೇಶಗಳ ನಡುವಿನ ರಾಯಭಾರಿಯ ಗತ್ತು ನನಗೆ ಬಂದುಬಿಟ್ಟಿತು. ಯಾವ ವಿಷಯಕ್ಕೆ ಯುದ್ಧವೋ ಆ ವಿಷಯವೇ ನಾನು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೊಟ್ಟೂರಿಗೆ ಒಮ್ಮೆ ಹೋಗಿದ್ದೆ. ಮಾವನ ಮನೆ ಬೀದಿಯ ಮೇಲೆಯೇ ಇತ್ತು. ಮೂರು ದಿನ ನನಗೆ ಯಾವ ಸದ್ದು ಯಾರದೆಂದು ತಿಳಿಯಲಿಲ್ಲ. ಮಿರ್ಚಿ ಮಂಡಕ್ಕಿಯೊಂದನ್ನು ಬಿಟ್ಟು ಆ ಊರಿನಲ್ಲಿ ನನಗೆ ಹಿಡಿಸಿದ್ದು ಏನೂ ಇರಲಿಲ್ಲ.

ಗುರುವಾರ ಅಪ್ಪ ಮದುವೆ ಮುಗಿಸಿ ದಂಡೆಗೆ ಬಂದು ಒಂದು ಕೂಗು ಹಾಕಿದ. ಹರಿಗೋಲು ಗಡ್ಡಿಯಲ್ಲಿ, ಅಪ್ಪ ದಡದಲ್ಲಿ. ಇನ್ನೊಂದು ಕೂಗು ಹಾಕಿದ. ಅಜ್ಜಿ ಒಂದು ಬಂಡೆಯ ಮೇಲೆ, ಅವ್ವ ಇನ್ನೊಂದು ಬಂಡೆಯ ಮೇಲೆ ಹೋಗಿ ನಿಂತರು. ನಾನು ನಡುವೆ.

"ಹಾಲವ್ವ, ನಿಮ್ಮಪ್ಪಗ ಹೇಳು, ಹರಿಗೋಲಿಗೆ ನನ್ನ ಕಡಿ ಅಂಚು ಇಲ್ಲಂತ."

"ಹಾಲವ್ವ, ನಿಮ್ಮಪ್ಪಗ ಹೇಳು, ನನ್ನ ಕಡಿ ಅಂಚು ತಯಾರೈತಂತ."

ನಾನು ಎರಡನ್ನೂ ಹೊಳೆಯಾಚೆಗೆ ಕೂಗಿದೆ. ಆಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಟ್ಟೆ ಕೆಳಗಿಟ್ಟು ಕೂತರು. ಅಪ್ಪ ಮದುವೆಮನೆಯ ಬುತ್ತಿಗಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಕಲ್ಲಿನ ಮೇಲೆ ಕೂತು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಎದ್ದು, ಸಾವಕಾಶ ಊರೊಳಗಿನ ಪರಿಚಯದವರ ಮನೆಗೆ ಹೋದ. ಮಾರನೇ ದಿನ ಬೇವಿನಕಡ್ಡಿ ಅಗಿಯುತ್ತಾ ಬಂದು ನಮ್ಮನ್ನು ನೋಡಿ ಹೋದ. ದೂರದಿಂದಲೂ ಅವನು ಸುಖವಾಗಿರುವಂತೆ ಕಂಡ.

ಅದೇ ದಿನ, ಶುಕ್ರವಾರ, ಕೆಂಪುನೀರು ಬಂತು. ಮೊದಲು ನೊರೆ, ಆಮೇಲೆ ಎಲ್ಲಿಂದಲೋ ಕಿತ್ತುಬಂದ ಜೊಂಡು, ಆಮೇಲೆ ಮಲೆನಾಡಿನ ಮಣ್ಣಿನ ಬಣ್ಣ. ಅಜ್ಜಿ ಪುಂಡಿಯ ಮಡಿಯಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಕೊಯ್ಯುವುದನ್ನು ನಿಲ್ಲಿಸಿ ಬಹಳ ಹೊತ್ತು ನೀರು ನೋಡಿದಳು. ನಂತರ ನನ್ನನ್ನು ಕರೆದಳು. ಅವಳ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ನಿಮ್ಮವ್ವಗ ಹೋಗಿ ಹೇಳವ್ವ. ಹುಡುಗಿ ಸಾಲಿಗೆ ಹೋಗ್ಲಿ, ನಾ ಅಂಚು ಹಿಡಿತೀನಂತ. ಆಕಿ ಹೊಳಿಗೆ ಉಡಿ ತುಂಬಲಂತ."

ಪುಂಡಿಯ ಮಡಿಯಿಂದ ಅಡಿಗೆಮನೆಗೆ ಓಡಿದರೆ ಒಂದು ಉಸಿರಿನ ದಾರಿ. ಅವತ್ತು ನಾನು ನಡೆದೆ. ಹುಣಸೆಮರ, ಆಕಳು, ಕಟ್ಟೆ, ಒನಕೆ, ಅವ್ವ ಹಡಗಲಿಯಿಂದ ತಂದು ನೆಟ್ಟ ಮಲ್ಲಿಗೆ ಬಳ್ಳಿ. ಎಲ್ಲವನ್ನೂ ಒಂದೊಂದಾಗಿ ಮುಟ್ಟುತ್ತಾ ಹೋದೆ. ಅವ್ವ ಒಲೆಯ ಮುಂದಿದ್ದಳು.

"ಏನಂದ್ಲು ನಿಮ್ಮಜ್ಜಿ?"

"ಏನಿಲ್ಲ," ಎಂದೆ. "ಪಲ್ಯಕ್ಕ ಉಪ್ಪು ಕಮ್ಮಿ ಆಗೈತಂತ."

ಲೋಕದಲ್ಲಿ ಇಷ್ಟು ಸಣ್ಣ ಸುಳ್ಳಿನಿಂದ ಇಷ್ಟು ದೊಡ್ಡ ಕೆಲಸ ಆಗಿರುವುದು ಕಡಿಮೆ. ಅಜ್ಜಿಯ ಬಳಿಗೆ ಹೋಗಿ, ಅವ್ವ ಏನೂ ಅನ್ನಲಿಲ್ಲ ಎಂದೆ. ಅಜ್ಜಿಯ ಮುಖ ಸಣ್ಣದಾಯಿತು. ತಾನಾಗಿ ಬಾಗಿದವಳಿಗೆ ಉತ್ತರವೂ ಇಲ್ಲವೇ? ಅತ್ತ ಅವ್ವ ಬೇರೆ ಲೆಕ್ಕ ಹಾಕಿದ್ದಳು. ಐದು ದಿನ ಮಾತಿಲ್ಲದ ಅತ್ತೆ ಪಲ್ಯದ ಉಪ್ಪಿನ ಬಗ್ಗೆ ಹೇಳಿಕಳಿಸಿದ್ದಾಳೆಂದರೆ ಮನಸ್ಸು ಕರಗುತ್ತಿದೆ. ತಾನೂ ಒಂದು ಹೆಜ್ಜೆ ಇಡಬೇಕು ಎಂದು ಒಂದು ಚಿಟಿಕೆ ಹೆಚ್ಚು ಹಾಕಿದಳು. ಶನಿವಾರ, "ಸರಿ ಆತೇನು ಕೇಳು" ಎಂದು ನನ್ನನ್ನು ಕಳಿಸಿದಳು. ನಾನು ಮರದ ತನಕ ಹೋಗಿ ಬಂದು, ಇನ್ನೂ ಚೂರು ಬೇಕಂತೆ ಎಂದೆ. ಭಾನುವಾರವೂ ಹಾಗೇ. ಸೊಸೆ ಪ್ರೀತಿಯಿಂದ ಹಾಕಿದ ಉಪ್ಪನ್ನು ಅತ್ತೆ ಹಗೆಯೆಂದು ತಿಳಿದು, ಆದರೂ ಸೋಲಬಾರದೆಂದು ತಟ್ಟೆ ಖಾಲಿ ಮಾಡಿ, ತಂಬಿಗೆ ತಂಬಿಗೆ ನೀರು ಕುಡಿದು ಏಳುತ್ತಿದ್ದಳು. ಅದೇ ಪಲ್ಯವನ್ನು ನಾನೂ ಉಂಡೆ. ಉಪ್ಪು ತಿಂದವರು ನೀರು ಕುಡಿಯಬೇಕು ಎಂಬ ಗಾದೆಯನ್ನು ಮುಂದೆ ಎಷ್ಟೋ ವರ್ಷ ಮಕ್ಕಳಿಗೆ ವಿವರಿಸಿದ್ದೇನೆ. ನನ್ನಷ್ಟು ಅಧಿಕಾರದಿಂದ ವಿವರಿಸಿದ ಮೇಷ್ಟ್ರು ಜಿಲ್ಲೆಯಲ್ಲಿ ಇರಲಾರರು.

ಸೋಮವಾರ ಬಂತು, ಹೋಯಿತು. ಕೊಟ್ಟೂರಿನಲ್ಲಿ ಹೆಸರು ಹಚ್ಚುವುದು ಮುಗಿದಿತ್ತು. ಹೊಳೆ ಒಂದೊಂದೇ ಬಂಡೆಯನ್ನು ನುಂಗುತ್ತಿತ್ತು. ಅಪ್ಪ ಆಚೆ ದಡದಲ್ಲಿ ಟವೆಲ್ಲು ಬೀಸುತ್ತಿದ್ದ. ನೀರಿನ ಸದ್ದಿಗೆ ಈಗ ಕೂಗು ಕೇಳುತ್ತಿರಲಿಲ್ಲ. ನಾನು ಹುಣಸೆಮರದ ಕೊಂಬೆಯ ಮೇಲೆ ಕೂತು, ನಾನು ಗೆದ್ದೆ ಎಂದುಕೊಂಡೆ. ಕೆಳಗೆ ಹರಿಗೋಲು ಬೋರಲಾಗಿ ಬಿದ್ದಿತ್ತು. ಗೆದ್ದವಳಾದರೂ ಕೊಂಬೆಯಿಂದ ಇಳಿದು ಹೋಗಿ ಅದರ ಅಂಚು ಹಿಡಿದು ಎತ್ತಿ ನೋಡಿದೆ, ಯಾಕೆಂದು ನನಗೇ ತಿಳಿಯಲಿಲ್ಲ. ಉಪ್ಪು ಹೆಚ್ಚಾದದ್ದಕ್ಕೆ ಇರಬೇಕು ಎಂದುಕೊಂಡೆ.

ಮಂಗಳವಾರ ಮಧ್ಯಾಹ್ನ ಅಜ್ಜಿ ಮೊದಲ ತುತ್ತಿಗೇ ತಟ್ಟೆಯನ್ನು ದೂಡಿದಳು. ನನ್ನನ್ನು ದಾಟಿ, ನೇರವಾಗಿ ಸೊಸೆಯ ಕಡೆ ತಿರುಗಿ ಮಾತಾಡಿದಳು.

"ಕೊಟ್ರವ್ವ, ನನ್ನ ಸಾಯಿಸಬೇಕಂದ್ರ ಮನಿ ಮುಂದ ಹೊಳಿ ಐತಿ. ಉಪ್ಪು ಯಾಕ ಹಾಳು ಮಾಡ್ತಿ?"

"ಅಯ್ಯ ಅತ್ತಿ! ನೀವಾ ಹೇಳಿ ಕಳಿಸೀರಿ, ಕಮ್ಮಿ ಆಗೈತಿ ಅಂತ!"

"ನಾನು? ಯಾವಾಗ?"

"ಶುಕ್ರಾರದಿಂದ ದಿನಾಲೂ."

"ಶುಕ್ರಾರ ನಾ ಹೇಳಿ ಕಳಿಸಿದ್ದು ಹುಡುಗಿ ಸಾಲಿಗೆ ಹೋಗ್ಲಿ, ನೀ ಉಡಿ ತುಂಬು ಅಂತ."

ಒಲೆಯಲ್ಲಿ ಕಟ್ಟಿಗೆ ಚಟಪಟ ಎಂದಿತು. ಆ ಸದ್ದು ಯಾರದೆಂದು ಮೂವರಿಗೂ ಗೊತ್ತಿತ್ತು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಎಂಟು ದಿನದಲ್ಲಿ ಅವರು ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಏಟು ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಬೀಳಲಿಲ್ಲ.

"ಯಾಕ ಹಿಂಗ ಮಾಡಿದಿ?" ಅಂದಳು ಅವ್ವ.

"ನಾ ಹೋಗಂಗಿಲ್ಲ. ಅಲ್ಲಿ ಬರೇ ಗದ್ಲ."

ಅವ್ವ ಸೆರಗಿನಿಂದ ಕೈ ಒರಸಿಕೊಂಡು ನನ್ನೆದುರು ಕೂತಳು. ನಿಧಾನವಾಗಿ, ಅಜ್ಜಿಗೂ ಕೇಳುವಂತೆ ಹೇಳಿದಳು:

"ಇಲ್ಲಿಗೆ ಬರೂ ಮುಂದ ನನ್ನ ಯಾರೂ ಕೇಳಲಿಲ್ಲ. ಈಗ ಯಾರರ ಇಲ್ಲಿಂದ ಹೋಗು ಅಂದ್ರ ನಾ ಹೋಗಂಗಿಲ್ಲ. ಆದ್ರ ನಾ ಬ್ಯಾರೆ ಕಡಿ ಬೆಳದು ಬಂದಾಕಿ, ಎರಡೂ ನೋಡೀನಿ. ಹುಟ್ಟಿದಲ್ಲೇ ಇದ್ರ ಅದಕ್ಕ ಸಿಕ್ಕೊಂಡಿದ್ದು ಅಂತಾರ. ಹೋಗಿ ತಿರುಗಿ ಬಂದ್ರ ಅದಕ್ಕ ಬಂದಿದ್ದು ಅಂತಾರ. ನೀ ಬರಾಕ ಹೋಗು."

ಅಜ್ಜಿ ತನ್ನ ಸೊಸೆಯನ್ನು ನೋಡಿದಳು. ಹತ್ತು ವರ್ಷಕ್ಕೂ ಮೇಲೆ ಒಂದೇ ಒಲೆಯಲ್ಲಿ ಬೇಯಿಸಿದವಳ ಬಾಯಿಂದ, ಇಲ್ಲಿಂದ ಹೋಗುವುದಿಲ್ಲ ಎಂಬ ಮಾತನ್ನು ಅವಳು ಅವತ್ತೇ ಮೊದಲು ಕೇಳಿದಳು ಅಂತ ಕಾಣುತ್ತದೆ. ಕಣ್ಣು ಒರಸಿಕೊಳ್ಳಬೇಕಾಗಿ ಬಂದು, ಅದಕ್ಕೊಂದು ಕಾರಣ ಬೇಕಾಗಿ, ನನ್ನ ಮೇಲೆ ಹರಿಹಾಯ್ದಳು.

"ಮತ್ತ ಕೇಳಬೇಕೇನ ಇದನ್ನ! ಸುಳ್ಳು ಹೇಳಾಕ ಇಷ್ಟು ಶಾಣ್ಯಾ ಅದಾಳ ಅಂದ್ರ ಈಕಿ ಸಾಲಿಗೆ ಹೋಗಾಕ ಬೇಕು. ಏಳು ಕೊಟ್ರವ್ವ!"

ಆಮೇಲೆ ಎಲ್ಲವೂ ಬೇಗ ನಡೆಯಿತು. ಹೊಳೆಯ ನಡುವೆ ಒಂದು ಬಂಡೆಯಿದೆ, ಮಲಗಿದ ಬಸವಣ್ಣನ ಹಾಗೆ. ಅದರ ತಲೆ ಕಾಣುವವರೆಗೆ ದಾಟಬಹುದು. ಅವತ್ತು ತಲೆಯ ಮೇಲ್ತುದಿ ಮಾತ್ರ ಕಾಣುತ್ತಿತ್ತು. ಅಜ್ಜಿ ಎರಡು ಸಲ ನೋಡಿ, ಆಗುತ್ತದೆ ಎಂದಳು. ಅವ್ವ ಹಣೆತುಂಬ ಕುಂಕುಮ ಇಟ್ಟುಕೊಂಡು ಬಂಡೆಯ ಅಂಚಿಗೆ ಕೂತು ಹೊಳೆಗೆ ಉಡಿ ತುಂಬಿದಳು. ಅಜ್ಜಿ ಹಿಂದೆ ನಿಂತು, ಅಕ್ಕಿ ಮೊದಲು, ಈಗ ಕೊಬ್ಬರಿ, ಈಗ ಬಳೆ ಎಂದು ಹೇಳಿಕೊಡುತ್ತಿದ್ದಳು. ಕೆಂಪುನೀರು ಹಸಿರು ಬಳೆಗಳನ್ನು ಒಂದು ಸುತ್ತು ತಿರುಗಿಸಿ ಒಳಗೆ ಎಳೆದುಕೊಂಡಿತು. ನಂತರ ಅಜ್ಜಿ ನನ್ನ ಲಂಗದ ಉಡಿ ಹಿಡಿಸಿ ಶೇಂಗಾ, ಬೆಲ್ಲ ಹಾಕಿದಳು. ಕೊನೆಗೆ ಒಂದು ಸಣ್ಣ ಬಟ್ಟೆಯ ಗಂಟು. ಬಿಚ್ಚಿ ನೋಡಿದೆ, ಉಪ್ಪು.

"ಮರೀಬ್ಯಾಡ," ಅಂದಳು, ಅಷ್ಟೇ.

ಇಬ್ಬರೂ ಹೊತ್ತು ತಂದು ನೀರಿಗಿಟ್ಟ ಹರಿಗೋಲನ್ನು ಅವ್ವನೂ ಹತ್ತಿದಳು. ಕೆಂಪುನೀರಿನಲ್ಲಿ ಅವಳು ಯಾವತ್ತೂ ದಾಟಿದವಳಲ್ಲ. ಆದರೆ ಇಂಥ ನೀರಿನಲ್ಲಿ ಅಜ್ಜಿ ಒಬ್ಬಳೇ ತಿರುಗಿ ಬರುವುದು ಹೇಗೆ? ಅವ್ವ ಹೊರಡುವ ಮುನ್ನ ಇಷ್ಟನ್ನೇ ಹೇಳಿದ್ದು. ತಳದಲ್ಲಿ ಕೂತು, ನನ್ನನ್ನು ಮಡಿಲಲ್ಲಿ ಒತ್ತಿ ಹಿಡಿದು, ಕಣ್ಣು ಮುಚ್ಚಿದಳು. ಅಜ್ಜಿ ಮೊಣಕಾಲೂರಿ ಹುಟ್ಟು ಹಾಕುತ್ತಾ, "ಬಸವಣ್ಣ ದಾಟಿತು... ಸುಳಿ ದಾಟಿತು... ಕಣ್ಣು ತಗೀ ತಂಗೀ, ದಂಡಿ ಬಂತು" ಎಂದು ಒಂದೊಂದನ್ನೂ ಅವಳಿಗೆ ಹೇಳುತ್ತಾ ಹೋದಳು. ತಂಗೀ ಎಂದು ಅಜ್ಜಿ ಅವ್ವನನ್ನು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದಂಡೆಯಲ್ಲಿ ಅಪ್ಪ ನನ್ನ ತಗಡಿನ ಪೆಟ್ಟಿಗೆಯನ್ನು ಇಳಿಸಿಕೊಂಡು, "ಮಾತಾಡಿ ಮುಗಿಸಿದ್ರೇನು?" ಎಂದು ಕೇಳಿದ. ಇಬ್ಬರೂ ಆಗಲೇ ಹರಿಗೋಲನ್ನು ಗಡ್ಡಿಯ ಕಡೆ ತಿರುಗಿಸುತ್ತಿದ್ದರು. ಕೊಟ್ಟೂರಿನಲ್ಲಿ ಮಾವ ಆ ಶಾಲೆಯ ಹೆಡ್ ಮಾಸ್ಟರ ಕೈಕಾಲು ಹಿಡಿದು ಎರಡು ದಿನ ತಡವಾಗಿ ನನ್ನ ಹೆಸರು ಹಚ್ಚಿಸಿದ್ದು, ಅಲ್ಲಿಯ ಸದ್ದುಗಳಿಗೆ ನಾನು ಒಂದೊಂದಾಗಿ ಒಡೆಯರನ್ನು ಹುಡುಕಿದ್ದು, ಎಲ್ಲಾ ಆಮೇಲಿನ ಮಾತು. ಅಪ್ಪ ನನ್ನನ್ನು ಕರೆದೊಯ್ಯಬೇಕಿದ್ದ ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು. ನಾನು ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ದಂಡೆಯ ಮೇಲೆ ನಿಂತು, ಅವರಿಬ್ಬರೂ ತಿರುಗಿ ಹೋಗುವುದನ್ನು ನೋಡಿದೆ.

ಈ ಸಲ ಅವ್ವ ತಳದಲ್ಲಿ ಕೂರಲಿಲ್ಲ, ಅಂಚು ಹಿಡಿದು ಅಜ್ಜಿಗೆ ಎದುರಾಗಿ ಕೂತಿದ್ದಳು. ಏನೋ ಮಾತಾಡುತ್ತಿದ್ದರು. ನೀರಿನ ಸದ್ದಿನಲ್ಲಿ ಕೇಳಲಿಲ್ಲ. ಕೈ ಆಡಿಸುವುದನ್ನು ನೋಡಿದರೆ ಜಗಳ ಇದ್ದರೂ ಇರಬಹುದು. ಗಡ್ಡಿ ಮುಟ್ಟಿದ ಮೇಲಾದರೂ ಹಿಂತಿರುಗಿ ನೋಡುತ್ತಾರೆ, ಕೈ ಬೀಸುತ್ತಾರೆ ಎಂದು ಕಾದೆ. ಇಳಿದರು. ಒಬ್ಬಳು ಈ ಕಡೆ, ಒಬ್ಬಳು ಆ ಕಡೆ ಬಾಗಿ ಹರಿಗೋಲನ್ನು ಎತ್ತಿ ತಲೆಯ ಮೇಲೆ ಕವುಚಿಕೊಂಡರು. ಇಬ್ಬರ ಮುಖವೂ ಮುಚ್ಚಿಹೋಯಿತು. ಈಚೆ ದಡದಿಂದ ನನಗೆ ಕಂಡದ್ದು ನಾಲ್ಕು ಕಾಲಿನ ಒಂದು ದೊಡ್ಡ ಆಮೆ. ಅದು ನನ್ನನ್ನು ಪೂರಾ ಮರೆತು, ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು, ಎಲ್ಲೂ ಜೋಲಿ ಹೋಗದೆ, ಹುಣಸೆಮರದ ಕಡೆಗೆ ಹತ್ತಿ ಹೋಯಿತು.